ಮೂರನೆಯ ಗುರಿ

ನಮ್ಮ ಶಾಲೆಯ ಸ್ಟಾಫ್ ರೂಮಿನ ಗೋಡೆಯ ಮೇಲೆ ಒಂದು ದೊಡ್ಡ ಚಾರ್ಟು ತೂಗುಹಾಕಿದೆ. ನಾಲ್ಕು ವರ್ಷದ ಹಿಂದೆ ಹೊಸದಾಗಿ ಬಂದ ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಅದನ್ನು ಹಾಕಿಸಿದರು. ಮೇಲೆ ‘ನಮ್ಮ ಐದು ವರ್ಷದ ಗುರಿಗಳು’ ಎಂಬ ತಲೆಬರಹ, ಕೆಳಗೆ ನಾಲ್ಕು ಸಾಲು. ಮೊದಲನೆಯದು ಲೈಬ್ರರಿ, ಎರಡನೆಯದು ವಿಜ್ಞಾನದ ಲ್ಯಾಬು, ಮೂರನೆಯದು ಪ್ರತಿ ಮಗುವಿನ ಮನೆಗೂ ಕ್ಲಾಸ್ ಟೀಚರ್ ಹೋಗಿ ಬರುವುದು, ನಾಲ್ಕನೆಯದು ಮಕ್ಕಳು ಹೆದರದೆ ಇಂಗ್ಲಿಷ್ ಮಾತಾಡುವುದು. ಒಂದು ಮನೆಗೆ ಹೋಗಿಬಂದರೆ ನಮ್ಮ ಹೆಸರಿನ ಮುಂದೆ ಒಂದು ಹಸಿರು ನಕ್ಷತ್ರ ಅಂಟಿಸಬೇಕು. ವರ್ಷದ ಕೊನೆಗೆ, ಕ್ರಿಸ್‌ಮಸ್ ರಜೆಗೆ ಮುಂಚೆ, ಎಲ್ಲರೂ ಚಾರ್ಟಿನ ಮುಂದೆ ನಿಂತು ಯಾವ ಗುರಿ ಎಲ್ಲಿಗೆ ಬಂತು ಅಂತ ಒಪ್ಪಿಸಬೇಕು.

ನನಗೆ ಮೈಯೆಲ್ಲ ಉರಿದುಹೋಯಿತು. ಇಪ್ಪತ್ತು ವರ್ಷದಿಂದ ಅಲ್ಲಿ ಕನ್ನಡ ಪಾಠ ಮಾಡಿಕೊಂಡು, ಏಳನೇ ತರಗತಿಯನ್ನು ನೋಡಿಕೊಂಡು ಬಂದವಳು ನಾನು. ಮಂಗಳೂರು ಕಡೆಯಿಂದ ನಿನ್ನೆ ಮೊನ್ನೆ ಬಂದವರು ನನಗೆ ನನ್ನ ಮಕ್ಕಳ ಮನೆ ತೋರಿಸುತ್ತಾರಾ? ಅದೂ ನಕ್ಷತ್ರ ಅಂಟಿಸುವುದಂತೆ, ಯುಕೆಜಿ ಮಕ್ಕಳಿಗೆ ಕೊಟ್ಟ ಹಾಗೆ! ಹೀಗೆಲ್ಲ ಗೊಣಗಿದೆ. ಆದರೆ ನನ್ನ ಬುದ್ಧಿ ನೋಡಿ, ಪಿಟಿ ಮೇಷ್ಟ್ರ ಹೆಸರಿನ ಮುಂದೆ ಹಸಿರು ಸಾಲು ಉದ್ದವಾಗುತ್ತಾ ಹೋದ ಹಾಗೆ ನನಗೆ ತಡೆಯಲಾಗಲಿಲ್ಲ. ಒಂದು ಕಾರ್ತಿಕದ ಶನಿವಾರ, ಅರ್ಧ ದಿನದ ಶಾಲೆ ಮುಗಿಸಿ, ಕೂಟಗಲ್ ಕಡೆಯ ಬಸ್ಸು ಹತ್ತಿದೆ. ಅಲ್ಲಿನ ಒಂದೇ ಹಳ್ಳಿಯಿಂದ ನನ್ನ ತರಗತಿಗೆ ಏಳು ಮಕ್ಕಳು ಬರುತ್ತಿದ್ದರು. ಒಂದೇ ಮಧ್ಯಾಹ್ನಕ್ಕೆ ಏಳು ನಕ್ಷತ್ರ.

‘ಹೋಗಿ ಕೂತ್ಕೊಳ್ಳಿ, ನೀರು ಕುಡೀರಿ, ಮಾತಾಡಿ. ಮಾರ್ಕ್ಸಿನ ಸುದ್ದಿ ಬೇಡ’ ಅಂತ ಸಿಸ್ಟರ್ ಹೇಳಿದ್ದರು. ನಾನು ಕೂರಲೂ ಇಲ್ಲ, ನೀರನ್ನೂ ಕುಡಿಯಲಿಲ್ಲ. ಮೊದಲ ಎರಡು ಮನೆ ಹದಿನೈದು ನಿಮಿಷದಲ್ಲಿ ಮುಗಿದವು. ಮೂರನೆಯ ಮನೆಯಲ್ಲಿ ಮಾತ್ರ ಕಾಲು ನಿಂತಿತು. ರೇಷ್ಮೆ ಹುಳ ಸಾಕುವ ಮನೆ ಅದು. ಹುಡುಗನ ಅಜ್ಜಿ ಹುಳ ಮೇಯಿಸುವ ಬಿದಿರ ತಟ್ಟೆಯ ಮುಂದೆ ಕೂತು ಅಳುತ್ತಿದ್ದರು. ಹುಳಕ್ಕೆ ಸುಣ್ಣಕಟ್ಟು ಬಂದಿತ್ತು. ಆ ರೋಗ ಬಂದರೆ ಹುಳ ಸತ್ತು ಚಾಕ್‌ಪೀಸಿನ ಹಾಗೆ ಬೆಳ್ಳಗೆ ಸೆಟೆದುಕೊಳ್ಳುತ್ತದೆ. ನಾನು ಅಜ್ಜಿಯ ಪಕ್ಕ ಕೂತು ಸಮಾಧಾನ ಹೇಳಿದೆ, ಸತ್ತ ಹುಳಗಳನ್ನು ಕೈಯಿಂದಲೇ ಆರಿಸಿ ಹಾಕಲು ನೆರವಾದೆ. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು ನಾಲ್ಕನೆಯ ಮನೆಗೆ ನಡೆದೆ.

ನಾಲ್ಕನೆಯದೂ ಹುಳದ ಮನೆಯೇ. ಅಪ್ಪನಿಲ್ಲದ ಹುಡುಗಿ, ತರಗತಿಯಲ್ಲಿ ಕೊನೆಯ ಬೆಂಚು, ಬಾಯಿ ಬಿಟ್ಟರೆ ಮುತ್ತು ಉದುರೀತು ಅನ್ನುವ ಹಾಗೆ ಸುಮ್ಮನಿರುವವಳು. ಅವಳೂ ಅವಳ ತಾಯಿಯೂ ಇಬ್ಬರೇ ಸೇರಿ ಹುಳ ಸಾಕುತ್ತಿದ್ದರು. ನಮ್ಮ ಕಡೆ ಹುಳದ ಮನೆಗೆ ಯಾರೇ ಬರಲಿ, ಹೊಸಿಲ ಹೊರಗೇ ನಿಲ್ಲಿಸಿ ಎಲ್ಲಿಂದ ಬಂದಿರಿ ಅಂತ ಕೇಳುತ್ತಾರೆ. ರೋಗ ಬಂದ ಮನೆಯನ್ನು ಹೊಕ್ಕವರು ಅವತ್ತು ಇನ್ನೊಂದು ಹುಳದ ಮನೆ ಹೊಗುವ ಹಾಗಿಲ್ಲ. ದೇವರಂಥ ನೆಂಟನಾದರೂ ಸರಿ, ವಾಪಸ್ಸು ಹೋಗಲೇಬೇಕು.

ಆ ತಾಯಿಯೂ ಕೇಳಿದರು. ‘ಎಲ್ಲಿಂದ ಬಂದ್ರಿ ಮಿಸ್ಸು? ಯಾರ ಮನೆಗಾದ್ರೂ ಹೋಗಿದ್ರಾ?’

‘ಇಲ್ಲಮ್ಮ, ನೇರ ಸ್ಕೂಲಿಂದ’ ಅಂದುಬಿಟ್ಟೆ.

ಚನ್ನಪಟ್ಟಣದ ಹತ್ತಿರ ಹುಳದ ಮನೆಯಲ್ಲೇ ಹುಟ್ಟಿ, ಹುಳ ಸೊಪ್ಪು ತಿನ್ನುವ ಸದ್ದು ಕೇಳಿಕೊಂಡೇ ನಿದ್ದೆ ಮಾಡಿ ಬೆಳೆದವಳು ನಾನು. ತಿಳಿಯದೆ ಆಡಿದ ಮಾತಲ್ಲ ಅದು. ಮತ್ತೊಂದು ಶನಿವಾರ ಈ ಊರಿಗೆ ಯಾರು ಬರುತ್ತಾರೆ ಅನ್ನುವ ಸೋಮಾರಿತನ, ಪಿಟಿ ಮೇಷ್ಟ್ರ ಮೇಲಿನ ಹೊಟ್ಟೆಕಿಚ್ಚು, ಇಷ್ಟೇ.

ಅವರು ಸಡಗರದಿಂದ ಒಳಗೆ ಕರೆದುಕೊಂಡು ಹೋಗಿ ಹುಳ ತೋರಿಸಿದರು. ನಾನೂ ಹುಳದ ಮನೆಯಲ್ಲೇ ಹುಟ್ಟಿದವಳು ಅಂತ ಹೇಳಿಕೊಂಡೆ. ನಾಲ್ಕನೆಯ ಜ್ವರ ಎದ್ದು, ಅಂದರೆ ಕೊನೆಯ ಸಲ ಪೊರೆ ಕಳಚಿ, ದುಂಡುದುಂಡಗೆ ಆಗಿದ್ದವು. ಇನ್ನೊಂದು ವಾರ ಮೇಯ್ದರೆ ಗೂಡು ಕಟ್ಟುತ್ತವೆ. ‘ಈ ಬೆಳೆ ಕೈಹತ್ತಿದ್ರೆ ಮಗಳು ನಿಮ್ಮತ್ರಾನೇ ಓದ್ತಾಳೆ ಮಿಸ್ಸು. ಇಲ್ಲಾಂದ್ರೆ ಮಾಗಡಿ ಕಡೆ ನಮ್ಮಣ್ಣನ ಮನೇಲಿ ಬುಟ್ಬುಡ್ತೀನಿ, ಇನ್ನೇನ್ ಮಾಡಾದು’ ಅಂದರು. ಹುಡುಗಿ ನನ್ನ ಹಿಂದೆಯೇ ತೋಟದಿಂದ ಸೊಪ್ಪಿನ ಹೊರೆ ಹೊತ್ತು ಬಂದು ಬಾಗಿಲಲ್ಲಿ ನಿಂತಿದ್ದಳು. ನನ್ನ ಮುಖ ನೋಡಿದಳು, ನನ್ನ ಕೈ ನೋಡಿದಳು. ‘ಏನಮ್ಮ, ಮನೆಗೆ ಬಂದ ಮಿಸ್‌ಗೆ ಒಂದು ನಮಸ್ಕಾರವೂ ಇಲ್ವಾ?’ ಅಂತ ಗದರಿದೆ. ಗದರಿದ್ದು ನಾನು!

ಉಳಿದ ಮೂರು ಮನೆಗಳಲ್ಲಿ ಹುಳ ಇರಲಿಲ್ಲ, ಬೇಗ ಮುಗಿಯಿತು. ಶಾಲೆಗೆ ವಾಪಸ್ಸು ಹೋಗಿ ಏಳು ನಕ್ಷತ್ರ ಅಂಟಿಸಿಯೇ ಮನೆಗೆ ಹೋದೆ. ಊಟಕ್ಕೆ ಕೂತವಳು ಎದ್ದುಹೋಗಿ ಮತ್ತೆ ಮತ್ತೆ ಕೈ ತೊಳೆದೆ. ಆ ಕೈಯಲ್ಲೇ ನಾನು ಅವರ ಮುಂದುಗಡೆ ತಟ್ಟೆಯ ಹುಳವನ್ನೂ ಎತ್ತಿ ನೋಡಿದ್ದೆ.

ಭಾನುವಾರ ಬೆಳಿಗ್ಗೆ ಶಾಲೆಯ ಪಕ್ಕದ ಚರ್ಚಿನ ಬಾಗಿಲಲ್ಲಿ ಕಾದೆ. ಪೂಜೆ ಮುಗಿಸಿ ಬಂದ ಸಿಸ್ಟರ್ ಕೈ ಹಿಡಿದು ಎಲ್ಲ ಹೇಳಿಕೊಂಡೆ. ನಾನು ಆ ಧರ್ಮದವಳಲ್ಲ. ಆದರೂ ಇವರ ಹತ್ತಿರ ಹೇಳಿಕೊಂಡರೆ ಭಾರ ಇಳಿಯುತ್ತೆ ಅನ್ನುವ ನಂಬಿಕೆ ಒಳಗೆಲ್ಲೋ ಇತ್ತು.

ಸಿಸ್ಟರ್‌ಗೆ ರೇಷ್ಮೆ ಗೊತ್ತಿಲ್ಲ. ಪೂರ್ತಿ ಕೇಳಿಸಿಕೊಂಡು, ‘ನನ್ನತ್ರ ಹೇಳಿ ಎಂತ ಪ್ರಯೋಜನ ಟೀಚರ್? ಹುಳ ನನ್ನದಾ? ಆ ಅಮ್ಮನ ಹತ್ರ ಹೋಗಿ ಹೇಳಿ. ಈಗ್ಲೇ ಹೋಗಿ’ ಅಂದರು. ಕೋಪ ಬಂತು. ಎರಡು ಸಮಾಧಾನದ ಮಾತು ಆಡಿದ್ದರೆ ಇವರ ಗಂಟೇನು ಹೋಗುತ್ತಿತ್ತು? ಕೋಪದಲ್ಲೇ ಬಸ್ಸು ಹತ್ತಿದೆ.

ತಾಯಿ ಅಂಗಳದಲ್ಲೇ ಇದ್ದರು. ನನ್ನನ್ನು ಕಂಡದ್ದೇ ಮುಖ ಅರಳಿತು. ‘ಬನ್ನಿ ಮಿಸ್ಸು! ನೀವ್ ಹೇಳಿದಂಗೇ ಎಲ್ಲಾ ಮಾಡವ್ಳೆ ನನ್ ಮಗಳು. ನೀವು ಅತ್ಲಾಗ್ ಹೋದ್ರೋ ಇಲ್ವೋ, ಪ್ರತಿ ತಟ್ಟೆಗೂ ಸುಣ್ಣ ಹೊಡೆದು, ಔಷಧಿ ಪುಡಿ ಎರಚಿ, ನೆಲ ಎಲ್ಲಾ ತೊಳೆದ್ಲು. ಮುಂದ್ಗಡೆ ತಟ್ಟೆ ಹುಳನೆಲ್ಲಾ ಸುಟ್ಟೇ ಹಾಕಿದ್ಲು. ಯಾಕವ್ವಾ ಅಂದ್ರೆ, ಊರಲ್ಲಿ ಸುಣ್ಣಕಟ್ಟು ಐತೆ, ಹುಷಾರಾಗಿರಿ ಅಂತ ಮಿಸ್ಸು ಹೇಳವ್ರೆ ಅಂದ್ಲು. ನಿಮ್ಮಂಥ ಮಿಸ್ಸು ಸಿಕ್ಕಿದ್ದು ನಮ್ಮ ಪುಣ್ಯ ಕಣಿ.’

ನಾನು ಯಾರಿಗೂ ಏನೂ ಹೇಳಿರಲಿಲ್ಲ. ಹುಡುಗಿ ಪಕ್ಕದ ತೋಟದಲ್ಲಿ ಸೊಪ್ಪು ಕೊಯ್ಯುವಾಗ ನಾನು ಆ ರೋಗದ ಮನೆಯಿಂದ ಹೊರಗೆ ಬಂದದ್ದನ್ನು ನೋಡಿದ್ದಾಳೆ. ಬಾಗಿಲಿಗೆ ಬಂದಾಗ ನನ್ನ ಸುಳ್ಳನ್ನೂ ಕೇಳಿಸಿಕೊಂಡಿದ್ದಾಳೆ. ಹೌದಮ್ಮ, ನಾನೇ ಹೇಳಿದ್ದು ಅಂದು ವಾಪಸ್ಸು ಹೊರಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಒಂದು ಗಳಿಗೆ ಹಾಗೇ ಮಾಡೋಣ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ.

‘ನಾನು ಹೇಳಲಿಲ್ಲಮ್ಮ’ ಅಂದೆ. ‘ನಿನ್ನೆ ಸುಣ್ಣಕಟ್ಟು ಬಂದ ಮನೆಯಿಂದಲೇ ಬಂದಿದ್ದೆ. ಕೇಳಿದಾಗ ಸುಳ್ಳು ಹೇಳಿದೆ. ತಪ್ಪಾಯ್ತು.’

ಅವರ ನಗು ಅಲ್ಲೇ ಇಂಗಿಹೋಯಿತು. ಆಮೇಲೆ ಬೈದರು ನೋಡಿ. ‘ನೀವೂ ಹುಳದ ಮನೇಲೇ ಹುಟ್ಟಿದೋರಲ್ವಾ? ಅನ್ನ ತಿನ್ನೋರು ಮಾಡೋ ಕೆಲ್ಸಾನಾ ಇದು? ಓದಿದೋರು ಅಂತ ಒಳೀಕ್ ಬುಟ್ಟೆ ನಾನು! ನನ್ ಮಗಳ ಹೊಟ್ಟೆ ಮೇಲೆ ಹೊಡಿಯಾಕ್ ಬಂದಿದ್ರಾ?’ ಬೀದಿಯ ಜನ ಇಣುಕಿ ನೋಡಿದರು. ನಾನು ತಲೆ ತಗ್ಗಿಸಿ ಪೂರ್ತಿ ಬೈಸಿಕೊಂಡೆ. ಇಪ್ಪತ್ತು ವರ್ಷ ಬೋರ್ಡಿನ ಮುಂದೆ ಮಕ್ಕಳನ್ನು ನಿಲ್ಲಿಸಿ ಬೈದವಳಿಗೆ, ಹಾಗೆ ನಿಲ್ಲುವುದು ಎಷ್ಟು ಕಷ್ಟ ಅನ್ನುವುದು ಅವತ್ತು ಗೊತ್ತಾಯಿತು.

ಆ ವಾರ ಹುಡುಗಿ ಶಾಲೆಗೆ ಬರಲಿಲ್ಲ. ಹಾಜರಿ ಕೂಗುವಾಗ ಅವಳ ಹೆಸರನ್ನು ಎರಡೆರಡು ಸಲ ಕೂಗುತ್ತಿದ್ದೆ. ಹುಳ ಸತ್ತವೋ ಉಳಿದವೋ, ಅವಳನ್ನು ಮಾಗಡಿಗೆ ಕಳಿಸಿಯೇಬಿಟ್ಟರೋ, ಯಾರನ್ನು ಕೇಳಲಿ? ಸೋಮವಾರವೇ ಸ್ಟಾಫ್ ರೂಮಿಗೆ ಹೋಗಿ ಏಳು ನಕ್ಷತ್ರಗಳನ್ನೂ ಉಗುರಿನಿಂದ ಕೆರೆದು ಕಿತ್ತಿದ್ದೆ. ಚಾರ್ಟು ಹರಿದು ಗಾಯವಾದ ಹಾಗೆ ಕಾಣುತ್ತಿತ್ತು. ಪಿಟಿ ಮೇಷ್ಟ್ರು ಏನೋ ಕೇಳಲು ಬಾಯಿ ತೆರೆದರು. ಸಿಸ್ಟರ್ ಅವರನ್ನು ಒಂದು ನೋಟದಲ್ಲೇ ಸುಮ್ಮನಾಗಿಸಿದರು. ಅವತ್ತಿನಿಂದ ನನಗೆ ಸಿಸ್ಟರ್ ಅಂದರೆ ಪ್ರೀತಿ.

ಎಂಟು ದಿನ ಕಳೆದ ಮೇಲೆ, ಪ್ರೇಯರ್ ಮುಗಿದು ಮಕ್ಕಳು ಸಾಲಾಗಿ ಒಳಗೆ ಹೋಗುತ್ತಿದ್ದಾಗ, ಅವಳು ಬಂದಳು. ಬೆರಳ ತುದಿಯೆಲ್ಲ ಸೊಪ್ಪಿನ ಕರೆ. ಓಡಿಹೋಗಿ ಅವಳನ್ನು ವರಾಂಡದ ಕಂಬದ ಹತ್ತಿರ ನಿಲ್ಲಿಸಿಕೊಂಡೆ.

‘ಹುಳ?’

‘ಗೂಡು ಕಟ್ತಾವೆ ಮಿಸ್. ಎರಡು ತಟ್ಟೆ ಹೋಯ್ತು ಅಷ್ಟೆ. ಇಲ್ಲೇ ಓದು ಅಂತು ಅವ್ವ.’

ನನಗೆ ಅಳು ಬಂದುಬಿಟ್ಟಿತು. ಅವಳು ಗಾಬರಿಯಾಗಿ ಸುತ್ತ ನೋಡಿದಳು. ಕಣ್ಣೊರೆಸಿಕೊಂಡು, ಎಂಟು ದಿನದಿಂದ ನನ್ನನ್ನು ತಿನ್ನುತ್ತಿದ್ದ ಮಾತನ್ನು ಕೇಳಿದೆ. ‘ನಾನು ಸುಳ್ಳು ಹೇಳಿದ್ದು ನಿನಗೆ ಗೊತ್ತಿತ್ತು. ಅಲ್ಲೇ ಅವ್ವನಿಗೆ ಯಾಕೆ ಹೇಳಲಿಲ್ಲ? ನನಗೆ ಹೆದರಿಕೊಂಡೆಯಾ?’

ಇಲ್ಲ ಅಂತ ತಲೆಯಾಡಿಸಿದಳು.

‘ಇಸ್ಕೂಲಿಂದ ನಮ್ಮನೆಗೆ ಯಾರೂ ಬಂದೇ ಇರ್ನಿಲ್ಲ ಮಿಸ್. ಅವ್ವ ಬೈದ್ರೆ ನೀವು ಇನ್ನೊಂದ್ಸಲ ಬರಾಕಿಲ್ಲ ಅಂತ.’

ನಾನು ಅವಳ ಕರೆ ಹಿಡಿದ ಎರಡೂ ಕೈಗಳನ್ನು ನನ್ನ ಕೈಯೊಳಗೆ ತೆಗೆದುಕೊಂಡೆ. ‘ಬತ್ತೀನಿ ಕಣವ್ವ’ ಅಂದೆ. ‘ಬೈಸ್ಕೊಳ್ಳಾಕಾದ್ರೂ ಬತ್ತೀನಿ.’