ತೊಳೆಯದ ಅಂಗಿ

ತುಟಿಯ ಮೂಲೆಯಲ್ಲಿ ಎರಡು ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುವವಳನ್ನು ಯಾರು ತಾನೇ ನಂಬಬೇಕು? ತಿಕೋಟಾ ಬಸ್ ಸ್ಟ್ಯಾಂಡಿನ ಹಿಂದೆ ಅಂಗಡಿ ಇಟ್ಟಿದ್ದ ಆ ಟೇಲರ್ ಅಕ್ಕನನ್ನು ನಾನಂತೂ ನಂಬಿರಲಿಲ್ಲ. ಅಳತೆ ತೆಗೆಯುವುದು ಬಿಟ್ಟು, ತಾನು ತೊಟ್ಟ ಹಳೆ ಅಂಗಿಯ ಕೊರಳಪಟ್ಟಿ ತಿಕ್ಕುತ್ತಿದ್ದ ನನ್ನ ಮಗಳ ಬೆರಳುಗಳನ್ನೇ ನೋಡುತ್ತಿದ್ದಳು.

ಮಗಳಿಗೆ ಆಟಿಸಂ. ಹೊಸದೇನು ಎದುರಾದರೂ ಬೆವತು, ಕಿರುಚಿ, ಕಿವಿ ಮುಚ್ಚಿ ಕೂರುತ್ತಿದ್ದಳು. ನಾವು ಹಠವೆಂದು ಬೈಯುತ್ತಿದ್ದೆವು. ವಿಜಯಪುರದ ಡಾಕ್ಟರು, "ಹಠ ಅಲ್ಲವ್ವಾ, ಆತಂಕ. ಮುಂದೇನಾಗ್ತೈತಿ ಅಂತ ಗೊತ್ತಾಗಲಿಲ್ಲಂದ್ರ ಹೆದರತಾಳ. ಗುರುತಿರೋದು ಏನರೆ ಒಂದು ಜೋಡಿಗಿರಲಿ" ಎಂದಿದ್ದರು. ನನಗೆ ಅವರ ಮೇಲೂ ಗುಮಾನಿಯೇ. ಆ ಜೂನ್‌ನಲ್ಲಿ ಅವಳು ವಿಜಯಪುರದ ಹೊಸ ಶಾಲೆಗೆ ಸೇರಬೇಕಿತ್ತು. ಬೇರೆ ಯಾವ ಶಾಲೆಯೂ ಅವಳನ್ನು ತೆಗೆದುಕೊಂಡಿರಲಿಲ್ಲ. ಯೂನಿಫಾರ್ಮ್ ಇಲ್ಲದೆ ಅಲ್ಲಿ ಒಳಗೆ ಬಿಡುವುದಿಲ್ಲ, ಇವಳೋ ಹೊಸ ಬಟ್ಟೆ ಮೈಗೆ ಸೋಕಿಸಿಕೊಳ್ಳುವುದಿಲ್ಲ.

"ಅಕಿ ಹಾಕ್ಕೊಂಡು ಬಿಟ್ಟ ಹಳೀ ಅಂಗಿ ಒಂದು ಕೊಡ್ರಿ," ಎಂದಳು ಅಕ್ಕ. "ತೊಳೀಬ್ಯಾಡ್ರಿ ಮತ್ತ."

"ಯಾಕ್ರಿ?"

"ಕೆಲಸ ಐತ್ರಿ."

ತೊಳೆಯದ ಬಟ್ಟೆ ಮಾಟ ಮಾಡುವವರಿಗಲ್ಲದೆ ಯಾರಿಗೆ ಬೇಕು? ಅತ್ತೆ ಅಂದೇ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. "ಕೊಟ್ಟುಗಿಟ್ಟೀಯ ನೋಡ ಮತ್ತ! ಯಾವ ಹುತ್ತದಾಗ ಯಾವ ಹಾವೈತೋ." ನಾನೇನು ದಡ್ಡಿಯೇ? ಮೈದುನನ ಮಗಳ ಹಳೆ ಅಂಗಿಯೊಂದನ್ನು ನಮ್ಮವಳದೆಂದು ಕೊಟ್ಟು ಬಂದೆ. ಆ ಹುಡುಗಿಗೇನಾದರೂ ಆದರೆ ಎಂದು ಯೋಚಿಸಲೂ ಇಲ್ಲ, ನೋಡಿ.

ಯೂನಿಫಾರ್ಮ್ ಬಂತು. ಮಗಳು ಮೂಸಿ ನೋಡಿದಳು, ಎಸೆದಳು, ರಕ್ತ ಬರುವಂತೆ ಗೋಡೆಗೆ ಹಣೆ ಚಚ್ಚಿಕೊಂಡಳು. ನಾನು ಯೂನಿಫಾರ್ಮ್ ಹಿಡಿದು ಅಂಗಡಿಗೆ ಓಡಿದೆ.

"ಏನ್ ಮಾಡೀಯೇ ನನ್ನ ಮಗಳಿಗೆ? ಖರೇ ಹೇಳು!"

ಅಕ್ಕ ಸೂಜಿ ತೆಗೆದಿಟ್ಟು ಯೂನಿಫಾರ್ಮಿನ ಒಳಮೈ ತಿರುವಿ ತೋರಿಸಿದಳು. ಕೊರಳು, ತೋಳು, ಮೈಗೆ ತಾಗುವಲ್ಲೆಲ್ಲ ನಾನು ಕೊಟ್ಟ ಹಳೆ ಬಟ್ಟೆಯ ಅಸ್ತರು.

"ಗುರುತಿನ ವಾಸನಿ ಇದ್ರ ಧೈರ್ಯ ಬರ್ತೈತ್ರಿ. ನಮ್ಮ ತಮ್ಮನೂ ಇಕಿ ಹಂಗ ಇದ್ದ, ಅವಗ ಹಿಂಗ ಹೊಲೀತಿದ್ದೆ." ನನ್ನ ಮುಖ ನೋಡಿದಳು. "ಇದು ಅಕಿ ಅಂಗಿ ಅಲ್ಲ, ಹೌದಲ್ರಿ?"

ನಾಚಿಕೆಯಿಂದ ಭೂಮಿಗಿಳಿದುಹೋದೆ. ಮಾಟದ ಮಾತನ್ನೂ ಒಪ್ಪಿಕೊಂಡೆ. ಅಕ್ಕ ಬೈಯಲಿಲ್ಲ, ಅಲ್ಲೇ ಕೂತು ಅಸ್ತರು ಬಿಚ್ಚತೊಡಗಿದಳು. "ಹೆದರಿಕಿ ನಿಮ್ಮ ಮಗಳೊಬ್ಬಾಕಿಗೇ ಇಲ್ಲ ಬಿಡ್ರಿ. ಅಕಿದು ತರ್ರಿ."

ತಂದುಕೊಟ್ಟೆ. ಮಗಳು ತನ್ನ ಅಂಗಿಯ ಅಸ್ತರಿದ್ದ ಯೂನಿಫಾರ್ಮ್ ತೊಟ್ಟು ಬಸ್ ಹತ್ತಿದಳು. ಹೆದರಿಕೆ ಪೂರ್ತಿ ಹೋಗಲಿಲ್ಲ. ಮೊದಲ ತಿಂಗಳು ನಾನೂ ಗೇಟಿನ ಹೊರಗೆ ಕೂತಿರಬೇಕಾಯಿತು. ಆದರೆ ಶಾಲೆ ತಪ್ಪಲಿಲ್ಲ.

ಅಕ್ಕ ಹೋದ ವರ್ಷ ತೀರಿಕೊಂಡಳು. ಯಾರಾದರೂ ಮಗಳಿಗೆ ಒಳ್ಳೆಯದು ಮಾಡಲು ಬಂದರೆ ಈಗಲೂ ನನಗೆ ಮೊದಲು ಗುಮಾನಿಯೇ ಬರುತ್ತದೆ. ಆದರೆ ಈಗ ಕೂತು ಪೂರ್ತಿ ಕೇಳಿಸಿಕೊಳ್ಳುತ್ತೇನೆ. ಅಷ್ಟನ್ನು ಅಕ್ಕನಿಂದ ಕಲಿತವಳು ನಾನು. ಅದಕ್ಕಾಗಿ ಹಣೆ ಒಡೆದುಕೊಂಡವಳು ನನ್ನ ಮಗಳು.