ಐದೂವರೆಯ ಟ್ರಿಪ್ಪು

ಗಂಡ ಶಶಿಧರ್ ತೀರಿಕೊಂಡ ಹದಿನಾರನೇ ದಿನ ಕುಸುಮಾ ಬಸ್ಸಿನ ಕೀಲಿಕೈ ಕೇಳಿದಳು. ಡ್ರೈವರ್ ಪುಟ್ಟಸ್ವಾಮಿ ಜೇಬಿನಿಂದ ತೆಗೆದುಕೊಡುತ್ತಾ, "ಮಾರಕ್ಕೆ ಗಿರಾಕಿ ಬಂದಿದಾರಾ ಅಕ್ಕ?" ಎಂದ.

"ಇಲ್ಲ ಮಾರಾಯ. ಮತ್ತೆ ಬಸ್ ಓಡಿಸದು."

"ಟಿಕೆಟ್ ಹರಿಯದು ಯಾರು?"

"ನಾನೇ."

ಕೊರೋನಾದ ಎರಡನೇ ವರ್ಷವದು. ಹಳೇ ಕಂಡಕ್ಟರ್ ಲಾಕ್‌ಡೌನಿನಲ್ಲಿ ಊರು ಬಿಟ್ಟವನು ಮರಳಿ ಬಂದಿರಲಿಲ್ಲ. ಶಶಿಧರ್ ಸತ್ತದ್ದು ಮಾತ್ರ ಕೊರೋನಾದಿಂದಲ್ಲ. ಅಂಗಳದಲ್ಲಿ ನಿಂತೇ ಇದ್ದ ಬಸ್ಸಿನ ಟೈರಿಗೆ ಗಾಳಿ ಹೊಡೆಯುತ್ತಿದ್ದವನು ಎದೆ ಹಿಡಿದುಕೊಂಡು ಕೂತ, ಏಳಲಿಲ್ಲ. ಇದ್ದ ಒಂದು ಎಕರೆ ಕಾಫಿ ಮಾರಿ, ಸಾಲದೆ ಬಂದ ಹಣಕ್ಕೆ ಫೈನಾನ್ಸ್ ಮಾಡಿಸಿ ಕೊಂಡಿದ್ದ ಬಸ್ಸು. ಮೂವತ್ತೆರಡು ಸೀಟು. ಗಾಜಿನ ಮೇಲೆ ಮಗಳ ಹೆಸರು ಧನ್ಯಾ ಎಂದು ಬರೆಸಿದ್ದ. ಮಗಳು ಹಾಸನದಲ್ಲಿ ನರ್ಸಿಂಗ್ ಓದುತ್ತಿದ್ದಳು. ಅವಳ ಓದೂ ಮನೆಯ ಅನ್ನವೂ ಆ ಬಸ್ಸಿನ ಮೇಲೆಯೇ ನಿಂತಿದ್ದವು.

ಕುಸುಮಾ ಚಿಕ್ಕಮಗಳೂರಿಗೆ ಹೋಗಿ ಕಂಡಕ್ಟರ್ ಲೈಸೆನ್ಸ್ ಮಾಡಿಸಿಕೊಂಡಳು. ಮೊದಲ ವಾರ ಸೀಟಿ ಊದಲು ನಾಚಿಕೆಯಾಗಿ ಬಸ್ಸಿನ ತಗಡನ್ನು ಕೈಯಿಂದ ಬಡಿಯುತ್ತಿದ್ದಳು. ಮೂಡಿಗೆರೆ ಸ್ಟ್ಯಾಂಡಿನಲ್ಲಿ ಬೇರೆ ಬಸ್ಸಿನ ಏಜೆಂಟರು, "ಬಣಕಲ್, ಬಣಕಲ್ ಅಂತ ಸ್ವಲ್ಪ ಜೋರಾಗಿ ಕೂಗಿ ಅಮ್ಮಾವ್ರೇ, ಮಂಗಳಾರತಿ ಹಾಡ್ದಂಗೆ ಹೇಳ್ಬೇಡಿ," ಎಂದು ನಗಾಡಿದರು. ತಿಂಗಳು ಕಳೆಯುವುದರೊಳಗೆ ಅವಳ ದನಿ ಸ್ಟ್ಯಾಂಡಿನ ಆ ತುದಿಗೂ ಕೇಳುವಂತಾಯಿತು. ಬೆರಳುಗಳ ಸಂದಿಯಲ್ಲಿ ನೋಟು ಮಡಚಿ ಹಿಡಿಯುವುದು, ತಿರುವಿನಲ್ಲಿ ಸೊಂಟವನ್ನು ಸೀಟಿಗೆ ಒತ್ತಿ ನಿಲ್ಲುವುದು, ಎಲ್ಲ ಕಲಿತಳು.

ಬಸ್ಸು ಓಡುತ್ತಿದ್ದುದು ಮೂಡಿಗೆರೆಯಿಂದ ಬಣಕಲ್‌ಗೆ, ಅಲ್ಲಿಂದ ಒಳಗೆ ಒಂಬತ್ತು ಕಿಲೋಮೀಟರು ಎಸ್ಟೇಟುಗಳ ನಡುವೆ ತಿರುಗುತ್ತಾ ಕುಸುಮಾಳ ಊರಾದ ಮಾವಿನಹಡ್ಲಿಗೆ. ದಿನಕ್ಕೆ ನಾಲ್ಕು ಸಲ ಹೋಗಿ ಬರುವುದು. ಹೈವೇಯಲ್ಲಿ ಜನ ತುಂಬುತ್ತಿದ್ದರು. ಒಳದಾರಿಯಲ್ಲಿ ಎಸ್ಟೇಟಿನವರು ಕಟ್ಟಿಸಿಕೊಟ್ಟ ಲೈನ್‌ಮನೆಗಳ ಕೂಲಿಯಾಳುಗಳು, ಒಂದೆರಡು ಎಕರೆಯ ರೈತರು, ಶಾಲೆ ಮಕ್ಕಳು ಬಿಟ್ಟರೆ ಯಾರಿದ್ದಾರೆ? ಗುಂಡಿ ಬಿದ್ದ ಆ ರಸ್ತೆಯಲ್ಲಿ ಡೀಸೆಲ್ಲೂ ಹೆಚ್ಚು, ಸ್ಪ್ರಿಂಗ್ ಪ್ಲೇಟೂ ಮುರಿಯುತ್ತಿತ್ತು. ಬಸ್ಸಿನ ಗುಟ್ಟು ಇಷ್ಟೇ: ಹೈವೇಯಲ್ಲಿ ದುಡಿದದ್ದನ್ನು ಒಳದಾರಿ ತಿನ್ನುತ್ತಿತ್ತು. ತಿಂದು ಉಳಿದದ್ದರಲ್ಲಿ ಕುಸುಮಾಳ ಮನೆ ನಡೆಯುತ್ತಿತ್ತು. ಒಳದಾರಿಯವರು ಬಸ್ಸಿಗೆ ಟಿಕೆಟ್ಟಿಗಿಂತ ಹೆಚ್ಚಾಗಿ ಕೆಲಸ ಕೊಡುತ್ತಿದ್ದರು. ಯಾರದೋ ಶುಗರ್ ಮಾತ್ರೆ, ಯಾರದೋ ಪಂಪ್‌ಸೆಟ್ಟಿನ ವಾಷರ್, ಕಾಫಿ ಕ್ಯೂರಿಂಗಿನವರಿಗೆ ತೋರಿಸಲು ಪೊಟ್ಟಣದಲ್ಲಿ ಕಟ್ಟಿಕೊಟ್ಟ ಪಾರ್ಚ್‌ಮೆಂಟ್ ಬೀಜದ ಸ್ಯಾಂಪಲ್ಲು. ಎಲ್ಲವೂ ಕುಸುಮಾಳ ಚೀಲದಲ್ಲೇ ಹೋಗಿ ಬರುತ್ತಿದ್ದವು.

ಎರಡು ವರ್ಷ ಹೀಗೆ ಸಾಗಿತು. ಇಪ್ಪತ್ತಮೂರರ ಜೂನಿನಲ್ಲಿ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಪ್ರಯಾಣ ಉಚಿತವಾಯಿತು.

ಸರ್ಕಾರಿ ಬಸ್ಸು ಹೈವೇಯಲ್ಲಿ ಮಾತ್ರ ಓಡುತ್ತಿತ್ತು. ಒಳಗೆ ಬರುತ್ತಿರಲಿಲ್ಲ. ಮೊದಲ ದಿನವೇ ಮೂಡಿಗೆರೆ ಸ್ಟ್ಯಾಂಡಿನಲ್ಲಿ ಹೆಂಗಸರು ಆಧಾರ್ ಕಾರ್ಡು ಹಿಡಿದು ಆ ಬಸ್ಸಿಗೆ ಮುತ್ತಿದರು. ಕುಸುಮಾಳ ಬಸ್ಸಿನಲ್ಲಿ ಏಳು ಜನ ಗಂಡಸರು. ಅವರಲ್ಲೂ ಇಬ್ಬರು, ಹೆಂಡತಿ ಆ ಬಸ್ಸು ಹತ್ತಿದ್ದನ್ನು ಕಂಡು ಇಳಿದು ಹೋದರು. ದಿನಾ ಅವಳ ಪಕ್ಕದ ಸೀಟಿನಲ್ಲಿ ಕೂತು ಹೂವು ಕಟ್ಟುತ್ತಾ ಬರುತ್ತಿದ್ದ ನಂಜಮ್ಮ ಆ ಬಸ್ಸಿನ ಕಿಟಕಿಯಿಂದ ಕೈಬೀಸಿ, "ಬೇಜಾರ್ ಮಾಡ್ಕಬೇಡ ಕುಸುಮಾ. ತಿಂಗ್ಳಿಗೆ ಸಾವಿರ ರೂಪಾಯಿ ಉಳೀತದೆ ನಂಗೆ," ಎಂದಳು.

ಕುಸುಮಾಗೆ ಬೇಜಾರು ಮಾಡಿಕೊಳ್ಳಲು ಆಗಲಿಲ್ಲ. ನಂಜಮ್ಮನಿಗೆ ಸಾವಿರ ರೂಪಾಯಿ ಎಂದರೆ ಏನೆಂದು ಅವಳಿಗೆ ಗೊತ್ತಿತ್ತು. ತಾನು ಕಂಡಕ್ಟರ್ ಅಲ್ಲದಿದ್ದರೆ ತಾನೂ ಅದೇ ಬಸ್ಸು ಹತ್ತುತ್ತಿದ್ದೆ ಎಂಬುದೂ ಗೊತ್ತಿತ್ತು. ಆ ಹೆಂಗಸರು ಬಣಕಲ್‌ವರೆಗೆ ಪುಕ್ಕಟೆ ಬಂದು, ಅಲ್ಲಿ ಕುಸುಮಾಳ ಬಸ್ಸಿಗಾಗಿ ಕಾಯುತ್ತಿದ್ದರು. ಒಳದಾರಿಗೆ ಹದಿನೈದು ರೂಪಾಯಿ ಕೊಡಲು ಯಾರೂ ಹಿಂದೆಮುಂದೆ ನೋಡಲಿಲ್ಲ. ಆದರೆ ಆ ಹದಿನೈದರಲ್ಲಿ ಬಸ್ಸು ಎಂದೂ ನಡೆದಿರಲಿಲ್ಲ.

ಮಳೆಗಾಲ ಹೇಗೋ ಕಳೆಯಿತು. ಮೂರು ತಿಂಗಳಿಗೊಮ್ಮೆ ಸೀಟಿನ ಲೆಕ್ಕದಲ್ಲಿ ಕಟ್ಟುವ ತೆರಿಗೆಗೆ ಕಿವಿಯ ಓಲೆ ಹೋಯಿತು. ಬಸ್ಸು ಖಾಲಿ ಓಡಿದರೂ ತುಂಬಿ ಓಡಿದರೂ ತೆರಿಗೆ ಅಷ್ಟೇ. ನವೆಂಬರಿನ ಒಂದು ಸಂಜೆ ಪುಟ್ಟಸ್ವಾಮಿ ಸ್ಟೇರಿಂಗಿನ ಮೇಲೆ ಕೈ ಇಟ್ಟುಕೊಂಡೇ ಹೇಳಿದ, "ಅಕ್ಕ, ಐದೂವರೆ ಟ್ರಿಪ್ಪು ನಿಲ್ಸಿ. ಹೋಗ್ತಾ ಎಂಟ್ ಜನ, ಬೆಳಗ್ಗೆವರೆಗೆ ಬಸ್ ಅಲ್ಲೇ ಹಾಲ್ಟು. ಉಳಿದ ಮೂರು ಟ್ರಿಪ್ಪಾದ್ರೂ ಬದುಕ್ಲಿ. ಇಲ್ಲಾಂದ್ರೆ ನಾಕೂ ಸಾಯ್ತವೆ."

ಅವನು ಹೇಳಿದ್ದು ಸರಿಯಾಗಿತ್ತು. ಅವನಿಗೆ ಎರಡು ತಿಂಗಳ ಸಂಬಳ ಅವಳು ಕೊಟ್ಟಿರಲಿಲ್ಲ, ಅದರ ಮಾತು ಅವನು ಎತ್ತಲಿಲ್ಲ.

ಮರುದಿನ ಕುಸುಮಾ ಬಸ್ಸಿನ ನಡುವೆ ನಿಂತು, ಸೋಮವಾರದಿಂದ ಸಂಜೆ ಬಸ್ಸಿಲ್ಲ ಎಂದು ಹೇಳಿದಳು. ಯಾರೂ ಜಗಳಕ್ಕೆ ಬರಲಿಲ್ಲ. ಹಿಂದಿನ ಸೀಟಿನಲ್ಲಿ ರೇವಣ್ಣ ಕೂತಿದ್ದ. ಮಾವಿನಹಡ್ಲಿನ ಕೊನೇ ಎಸ್ಟೇಟಿನಲ್ಲಿ ಮೇಸ್ತ್ರಿ. ಅವನ ಮಗಳು ದೀಪಶ್ರೀ ಮೂಡಿಗೆರೆಯಲ್ಲಿ ಎರಡನೇ ಪಿಯುಸಿ. ಅವರ ಲೈನಿನಲ್ಲಿ ಹತ್ತನೇ ಕ್ಲಾಸು ದಾಟಿದವಳು ಅವಳೊಬ್ಬಳೇ. ದಿನಾ ಐದೂವರೆಗೆ ಬರುತ್ತಿದ್ದವರಲ್ಲಿ ಅವಳೂ ಒಬ್ಬಳು. ಕುಸುಮಾ ಅವನ ಮುಖ ನೋಡಿದಳು.

"ಮಗಳಿಗೆ ಏನ್ಮಾಡ್ತೀಯ ರೇವಣ್ಣ?"

"ಎಂತ ಮಾಡದು ಅಮ್ಮ. ಸರ್ಕಾರಿ ಬಸ್ಸಲ್ಲಿ ಬಣಕಲ್‌ಗೆ ಬರ್ತಾಳೆ. ನಾನೇ ಹೋಗಿ ಕರ್ಕೊಂಡ್ ಬರ್ತೀನಿ. ಒಂಬತ್ ಕಿಲೋಮೀಟ್ರು, ಎಷ್ಟ್ ದೂರ ಮಹಾ! ನೀವು ನಷ್ಟ ಮಾಡ್ಕಂಡು ಎಷ್ಟ್ ದಿನ ಓಡಿಸ್ತೀರಿ?"

ಅವನು ಸಮಾಧಾನ ಹೇಳಿದ್ದು ಅವಳಿಗೆ ಹಿತವಾಯಿತು. ಮುಂದೆ ಎಷ್ಟೋ ದಿನ ಅವಳನ್ನು ಕೊರೆದದ್ದು ಆ ಹಿತವೇ.

ಡಿಸೆಂಬರಿನ ಎರಡನೇ ವಾರ. ಕಾಫಿ ಹಣ್ಣಿನ ಕೊಯ್ಲಿನ ಕಾಲ. ಆನೆಗಳು ಎಸ್ಟೇಟಿನಿಂದ ಎಸ್ಟೇಟಿಗೆ ದಾಟುತ್ತಿದ್ದವು. ಆಟೋದವರು ಕತ್ತಲಾದ ಮೇಲೆ ಒಳಗೆ ಬರಲು ಮುನ್ನೂರು ಕೇಳುತ್ತಿದ್ದರು, ಅದು ರೇವಣ್ಣನ ಒಂದು ದಿನದ ಕೂಲಿಗೆ ಹತ್ತಿರ ಹತ್ತಿರ. ಆ ಬುಧವಾರ ಸರ್ಕಾರಿ ಬಸ್ಸು ತಡವಾಗಿ ದೀಪಶ್ರೀ ಇಳಿದಾಗ ಆರೂ ಕಾಲು. ರೇವಣ್ಣ ಟಾರ್ಚು ಹಿಡಿದು ನಿಂತಿದ್ದ. ಅಪ್ಪ ಮಗಳು ಮಾತಾಡುತ್ತಾ ಆರು ಕಿಲೋಮೀಟರು ನಡೆದರು. ಮೋರಿಯ ಹತ್ತಿರ ಕಾಫಿ ಗಿಡಗಳ ನಡುವಿನಿಂದ ಒಂಟಿ ಸಲಗ ರಸ್ತೆಗೆ ಬಂತು. ರೇವಣ್ಣ ಮಗಳನ್ನು ರಸ್ತೆ ಬದಿಯ ಆಳದ ಚರಂಡಿಗೆ ತಳ್ಳಿ, ಕೂಗುತ್ತಾ ಇನ್ನೊಂದು ದಿಕ್ಕಿಗೆ ಓಡಿದ. ಆನೆ ಅವನ ಹಿಂದೆ ಹೋಯಿತು.

ಬೆಳಗ್ಗೆ ಏಳಕ್ಕೆ ಲೈನಿನವರೆಲ್ಲ ಕುಸುಮಾಳ ಅಂಗಳಕ್ಕೆ ಬಂದು ನಿಂತರು. ರೇವಣ್ಣನ ಹೆಣವನ್ನು ಅರಣ್ಯ ಇಲಾಖೆಯವರು ಪೋಸ್ಟ್‌ಮಾರ್ಟಮ್ಮಿಗೆ ಒಯ್ದಿದ್ದರು, ಇವರು ಮೂಡಿಗೆರೆಗೆ ಹೋಗಬೇಕಿತ್ತು. ಅಂದು ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಜೂನಿನಿಂದ ಅಷ್ಟು ಜನ ಆ ಬಸ್ಸು ಹತ್ತಿರಲಿಲ್ಲ. ಕುಸುಮಾ ಚೀಲ ಮುಟ್ಟದೆ ಬಾಗಿಲ ಬಳಿ ನಿಂತಿದ್ದಳು. ಮೋರಿಯ ಹತ್ತಿರ ಪುಟ್ಟಸ್ವಾಮಿ ಗೇರು ಬದಲಿಸಲು ತಡಕಾಡಿದ, ಗಾಡಿ ಆಫ್ ಆಯಿತು. ಮತ್ತೆ ಸ್ಟಾರ್ಟು ಮಾಡಿದ.

ರೇವಣ್ಣನ ಹೆಂಡತಿ ರಜನಿಯಾಗಲಿ, ಲೈನಿನ ಇನ್ನೊಬ್ಬರಾಗಲಿ, ಬಸ್ಸು ಇದ್ದಿದ್ದರೆ ಎಂಬ ಮಾತನ್ನು ಕುಸುಮಾಳ ಎದುರು ಆಡಲಿಲ್ಲ. ಹನ್ನೊಂದನೇ ದಿನದ ಕಾರ್ಯ ಕಳೆದ ಮೇಲೆ ಕುಸುಮಾ ಅಕ್ಕಿ, ತೆಂಗಿನಕಾಯಿ ಹಿಡಿದು ಅವರ ಮನೆಗೆ ಹೋದಳು. ರಜನಿ ಕಾಫಿ ಮಾಡಲು ಒಳಗೆ ಹೋದಾಗ, ಗೋಡೆಗೊರಗಿ ಕೂತಿದ್ದ ದೀಪಶ್ರೀ ಮೆಲ್ಲಗೆ ಕೇಳಿದಳು.

"ಆಂಟಿ, ಸಂಜೆ ಟ್ರಿಪ್ಪಿಗೆ ದಿನಕ್ಕೆ ಎಷ್ಟು ಲಾಸ್ ಆಗ್ತಿತ್ತು?"

ಸಿಟ್ಟಿನ ದನಿಯಲ್ಲ. ಲೆಕ್ಕದ ಕ್ಲಾಸಿನಲ್ಲಿ ಕೇಳಿದ ಹಾಗೆ. ಕುಸುಮಾ ಸುಳ್ಳು ಹೇಳಬಹುದಿತ್ತು.

"ನಾನೂರಾ ಐವತ್ತು," ಎಂದಳು.

ಹುಡುಗಿ ತಲೆಯಾಡಿಸಿದಳು. ಕುಸುಮಾ ಕಾಫಿ ಕುಡಿಯದೆ ಎದ್ದು ಬಂದಳು.

ಆ ಸೋಮವಾರದಿಂದಲೇ ಐದೂವರೆಯ ಟ್ರಿಪ್ಪು ಮತ್ತೆ ಶುರುವಾಯಿತು. ಒಳದಾರಿಯವರು ಮೂರು ವಾರ ಸರ್ಕಾರಿ ಬಸ್ಸನ್ನು ಬಿಟ್ಟು ಮೂಡಿಗೆರೆಯಿಂದಲೇ ಇವಳ ಬಸ್ಸು ಹತ್ತಿದರು. ನಂಜಮ್ಮನೂ ಬಂದು ಹಳೇ ಸೀಟಿನಲ್ಲಿ ಕೂತಳು. ಆದರೆ ದಿನವೂ ಮೂವತ್ತೈದು ರೂಪಾಯಿ ಕೊಟ್ಟು ದುಃಖ ಪಡುವುದು ಎಷ್ಟು ದಿನ? ಸಂಕ್ರಾಂತಿ ಕಳೆಯುತ್ತಲೇ ಒಬ್ಬೊಬ್ಬರಾಗಿ ಕರಗಿದರು. ದೀಪಶ್ರೀ ಒಂದು ದಿನವೂ ಹತ್ತಲಿಲ್ಲ. ಅವಳು ಕಾಲೇಜು ಬಿಟ್ಟಿದ್ದಳು. ಕತ್ತಲಾದರೆ ಬಚ್ಚಲಿಗೂ ಹೋಗಲು ಹೆದರುತ್ತಾಳೆ ಎಂದು ರಜನಿ ಹೇಳಿದಳು.

ಫೆಬ್ರವರಿಯಲ್ಲಿ ಕುಸುಮಾ ಮೂಡಿಗೆರೆಯ ಸರ್ಕಾರಿ ಬಸ್ಸಿನ ಕಚೇರಿಗೆ ಹೋದಳು. ಒಳದಾರಿಗೂ ಒಂದು ಬಸ್ಸು ಬಿಡಿ ಎಂದು ಬಸ್ಸಿನ ಓನರೇ ಕೇಳಿಕೊಂಡು ಬಂದದ್ದು ಅಲ್ಲಿನ ಅಧಿಕಾರಿಗೆ ವಿಚಿತ್ರವಾಗಿ ಕಂಡಿತು. ಒಳ್ಳೆಯ ಮನುಷ್ಯನೇ, ಕುರ್ಚಿ ಕೊಟ್ಟು ಕೂರಿಸಿದ.

"ನೋಡೀಮ್ಮ, ಆ ರೂಟಿನಲ್ಲಿ ನಿಮ್ಮದೇ ಪರ್ಮಿಟ್ ಇದೆ. ಬಸ್ಸಿಲ್ಲದ ಊರುಗಳೇ ಎಷ್ಟೋ ಇವೆ, ಬಸ್ಸಿರೋ ಊರಿಗೆ ಇನ್ನೊಂದು ಕೊಡಿ ಅಂತ ನಾನು ಮೇಲೆ ಹೆಂಗೆ ಬರೀಲಿ?"

"ನಾನು ಪರ್ಮಿಟ್ ಸರೆಂಡರ್ ಮಾಡಿದ್ರೆ?"

ಅವನು ಪೆನ್ನು ಕೆಳಗಿಟ್ಟ. "ಆಗ ಬರೀಬಹುದು. ಗ್ಯಾರಂಟಿ ಹೇಳಲ್ಲ. ಕಿಲೋಮೀಟರಿಗೆ ಇಷ್ಟು ಅಂತ ಆದಾಯ ನಮಗೂ ತೋರಿಸಬೇಕಾಗ್ತದೆ."

ವಾಪಸ್ಸು ಬರುವಾಗ ಪುಟ್ಟಸ್ವಾಮಿಗೆ ಹೇಳಿದಳು. ಬಣಕಲ್ ದಾಟಿದ ಮೇಲೆ ಅವನು ಹೇಳಿದ, "ಬಸ್ ಹೆಂಗೂ ಹೋಗದೇ ಅಕ್ಕ. ಇವತ್ತಲ್ಲ ನಾಳೆ ಫೈನಾನ್ಸಿನವ್ರು ಎಳ್ಕಂಡ್ ಹೋಗ್ತಾರೆ. ನೀವಾಗೇ ಕೊಟ್ರೆ ಊರಿಗೊಂದ್ ಬಸ್ಸಾದ್ರೂ ಬರ್ತದೇನೋ."

ಏಪ್ರಿಲ್‌ನಲ್ಲಿ ಅವಳು ಪರ್ಮಿಟ್ಟು ಒಪ್ಪಿಸಿದಳು. ಬಸ್ಸನ್ನು ಸಕಲೇಶಪುರದ ಕಡೆಯವನೊಬ್ಬ ಶಾಲೆಗೆ ಓಡಿಸಲು ಕೊಂಡ. ಫೈನಾನ್ಸು ತೀರಿತು, ಪುಟ್ಟಸ್ವಾಮಿಯ ಸಂಬಳ ತೀರಿತು, ಅವಳಿಗೆ ಉಳಿದದ್ದು ಮಗಳ ಒಂದು ವರ್ಷದ ಫೀಸು. ಪುಟ್ಟಸ್ವಾಮಿ ಅತ್ತಿಗುಂಡಿಯಲ್ಲಿ ಟೂರಿಸ್ಟುಗಳ ಜೀಪು ಓಡಿಸಲು ಹೋದ.

ಎರಡು ತಿಂಗಳು ಒಳದಾರಿಗೆ ಯಾವ ಬಸ್ಸೂ ಇರಲಿಲ್ಲ. ಆಮೇಲೆ ನಿಜವಾಗಿಯೂ ಸರ್ಕಾರಿ ಬಸ್ಸು ಬಂತು. ಬೆಳಗ್ಗೆ ಒಂದು, ಸಂಜೆ ಒಂದು. ಮಾವಿನಹಡ್ಲಿನವರು ಬಾಳೆಕಂದು ಕಟ್ಟಿ, ಡ್ರೈವರಿಗೆ ಹಾರ ಹಾಕಿ, ಕಾಯಿ ಒಡೆದರು. ಕುಸುಮಾ ಓಡಿ ಹೋಗಿ ರಜನಿಯ ಮನೆ ಬಾಗಿಲು ತಟ್ಟಿದಳು. "ದೀಪಾನ ಕಳ್ಸು ಮಾರಾಯ್ತಿ. ಬಾಗ್ಲಲ್ಲೇ ಹತ್ತಿ ಬಾಗ್ಲಲ್ಲೇ ಇಳೀಬಹುದು. ದುಡ್ಡೂ ಇಲ್ಲ." ಹುಡುಗಿ ಮೊದಲು ಒಲ್ಲೆನೆಂದಳು. ಕುಸುಮಾ ಒಂದು ವಾರ ಅವಳ ಪಕ್ಕ ಕೂತು ಹೋಗಿ ಬಂದಳು. ಎರಡನೇ ವಾರ ದೀಪಶ್ರೀ ಒಬ್ಬಳೇ ಹೋದಳು. ಬಿಟ್ಟುಹೋದ ಪಿಯುಸಿಗೆ ಮತ್ತೆ ಸೇರಿದಳು.

ಆ ನಾಲ್ಕು ತಿಂಗಳು ಕುಸುಮಾ ಎಸ್ಟೇಟಿನ ಕೂಲಿಗೆ ಹೋದರೂ ಸುಖವಾಗಿ ನಿದ್ದೆ ಮಾಡಿದಳು.

ಅಕ್ಟೋಬರಿನಲ್ಲಿ ಬಸ್ಸು ಒಂದು ಸಂಜೆ ಬರಲಿಲ್ಲ. ಗಾಡಿ ಕೆಟ್ಟಿದೆ ಎಂದರು. ಮುಂದಿನ ವಾರ ಎರಡು ಸಂಜೆ ಬರಲಿಲ್ಲ. ಡ್ರೈವರುಗಳು ಸಾಲದು, ಹೈವೇಯಲ್ಲೇ ಜನ ಬಾಗಿಲಿಗೆ ನೇತಾಡುತ್ತಿದ್ದಾರೆ, ಅಲ್ಲಿಗೆ ಹಾಕಿದ್ದೇವೆ ಎಂದರು. ದೀಪಾವಳಿಯ ಹೊತ್ತಿಗೆ ಸಂಜೆಯ ಟ್ರಿಪ್ಪು ನಿಂತೇಹೋಯಿತು. ಬೆಳಗಿನದು ಉಳಿಯಿತು. ಬೆಳಗ್ಗೆ ಹೋದವರು ಸಂಜೆ ಬರುವುದು ಹೇಗೆ?

ಮಾಲು ಸಾಗಿಸುವ ಪಿಕಪ್ಪುಗಳು ಆ ಜಾಗ ತುಂಬಿದವು. ಹಿಂದೆ ನಿಂತು ಬರಲು ತಲೆಗೆ ನಲವತ್ತು. ಕಟ್ಟಿದ ಹಗ್ಗವನ್ನೇ ಹಿಡಿದುಕೊಳ್ಳಬೇಕು. ದೀಪಶ್ರೀ ಒಂದು ಸಂಜೆ ಅದರಲ್ಲಿ ಬಂದಳು. ಮೋರಿ ದಾಟುವಾಗ ಕಣ್ಣುಮುಚ್ಚಿ ಕುಸಿದು ಕೂತವಳನ್ನು ಹೆಂಗಸರು ಹಿಡಿದುಕೊಂಡರಂತೆ. ಮರುದಿನದಿಂದ ಹೋಗಲಿಲ್ಲ. ಈಗ ಅಪ್ಪನಿದ್ದ ಎಸ್ಟೇಟಿನಲ್ಲೇ ಲೆಕ್ಕ ಬರೆಯುವ ರೈಟರ ಕೈಕೆಳಗೆ ಹಣ್ಣು ತೂಗಿದ್ದನ್ನು ಬರೆದುಕೊಳ್ಳುತ್ತಾಳೆ. ಕೊಯ್ಲು ಮುಗಿದರೆ ಆ ಕೆಲಸವೂ ಇಲ್ಲ.

ಕುಸುಮಾ ನೂರಾ ಹನ್ನೆರಡು ಜನರ ಸಹಿ ಹಾಕಿಸಿಕೊಂಡು ಮತ್ತೆ ಆ ಕಚೇರಿಗೆ ಹೋದಳು. ಹಳೇ ಅಧಿಕಾರಿಗೆ ವರ್ಗವಾಗಿತ್ತು. ಹೊಸಬ ಕಡತ ತೆರೆದು ಓದಿದ.

"ಇದು ಮೊದ್ಲು ಪ್ರೈವೇಟ್ ರೂಟಲ್ವಾ? ಆ ಓನರ್‌ನ ಕೇಳಿ. ಪರ್ಮಿಟ್ ವಾಪಸ್ ತಗೊಂಡು ಅವರೇ ಓಡಿಸ್ಬಹುದಲ್ಲ. ಈಗ ಸಂಜೆ ರೂಟ್ ಖಾಲಿನೇ ಇದೆ."

ಕುಸುಮಾ ಅರ್ಜಿಯನ್ನು ಅವನ ಕಡೆ ಸರಿಸಿದಳು.

"ಅವ್ರ ಹತ್ರ ಈಗ ಬಸ್ಸಿಲ್ಲ ಸಾರ್," ಎಂದಳು. "ಇದಕ್ಕೊಂದು ಸೀಲ್ ಹಾಕಿ ಕೊಡಿ. ಅರ್ಜಿ ಕೊಟ್ಟಿದೀವಿ ಅಂತ ಊರಿಗೆ ತೋರಿಸ್ಬೇಕು."

ಸೀಲು ಬಿತ್ತು. ಗೋಡೆಯ ಗಡಿಯಾರದಲ್ಲಿ ನಾಲ್ಕೂ ಮುಕ್ಕಾಲು. ಬಣಕಲ್‌ನಿಂದ ಕೊನೆಯ ಪಿಕಪ್ಪು ಆರಕ್ಕೆ ಹೊರಡುತ್ತಿತ್ತು. ಅವಳು ಕಾಗದವನ್ನು ಮಡಚಿ ರವಿಕೆಯೊಳಗಿಟ್ಟುಕೊಂಡು ಸ್ಟ್ಯಾಂಡಿನ ಕಡೆ ಬಿರಬಿರನೆ ನಡೆದಳು.