ಮೆದುಳಿನ ಕಸ ಮತ್ತು ನನ್ನ ಸೈಕಲ್

ಕಪ್ಪುಹಲಗೆಯ ಮೇಲೆ ಮೂತ್ರಪಿಂಡದ ಚಿತ್ರ ಬರೆದು, ಅದರ ನೆತ್ತಿಗೆ ಟೋಪಿಯಂತೆ ಕೂರುವ ಗ್ರಂಥಿಯನ್ನು ತೋರಿಸಿದೆ. ಹೆಸರು ಬಾಯಿಗೆ ಬರಲಿಲ್ಲ. ಜಮಖಂಡಿಯ ಕಾಲೇಜಿನಲ್ಲಿ ಅರ್ಧ ಆಯುಷ್ಯ ಜೀವಶಾಸ್ತ್ರ ಕಲಿಸಿದವಳು ನಾನು. ಮುಂದಿನ ಬೆಂಚಿನ ಹುಡುಗಿ ಮೆಲ್ಲಗೆ 'ಅಡ್ರಿನಲ್ ರೀ ಮೇಡಂ' ಅಂದಳು. ಆ ಹೆಸರು ಬರೆದು ಪಾಠ ಮುಂದುವರಿಸಿದೆ.

ಅವ್ವನ ಮರೆವಿನ ಕಾಯಿಲೆಯೂ ಹೀಗೆ ಹೆಸರುಗಳಿಂದಲೇ ಶುರುವಾಗಿತ್ತು. ಉಪ್ಪಿನ ಡಬ್ಬಿಯನ್ನು ನೋಡುತ್ತ 'ಅದನ್ನ ಕೊಡು, ಅದನ್ನ' ಅನ್ನುತ್ತಿದ್ದಳು. ಕೊನೆಯ ದಿನಗಳಲ್ಲಿ, ತನ್ನ ತಲೆ ಬಾಚುತ್ತಿದ್ದ ನನ್ನನ್ನೇ 'ನೀವು ಯಾರ ಪೈಕಿ ರೀ?' ಎಂದು ಕೇಳಿದ್ದಳು.

ಅಂದು ಬನಹಟ್ಟಿಯ ಮನೆಗೆ ಬಂದವಳೇ ಫೋನಿನಲ್ಲಿ ಹುಡುಕತೊಡಗಿದೆ. ಮೆದುಳಿಗೂ ತನ್ನ ಕಸ ಹೊರಹಾಕುವ ವ್ಯವಸ್ಥೆಯಿದೆ, ಕಸ ಉಳಿದರೆ ಮರೆವು ಬರಬಹುದು, ವ್ಯಾಯಾಮದಿಂದ ಆ ವ್ಯವಸ್ಥೆ ಚುರುಕಾಗಬಹುದು ಎಂದು ಒಂದು ಕಡೆ ಬರೆದಿತ್ತು. ಅಷ್ಟೇ ಸಾಕಾಯಿತು. ಕಾಲೇಜು ದಿನಗಳಲ್ಲಿ ಸೈಕಲ್ ರೇಸಿಗೆ ಇಳಿದವಳು, ಮರುದಿನವೇ ಹೊಸ ಸೈಕಲ್ ತಂದೆ. ಬೆಳಿಗ್ಗೆ ಚಿಮ್ಮಡದ ದಾರಿ, ಸಂಜೆ ಮತ್ತದೇ ದಾರಿ. ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಊಟಕ್ಕೆ ಕೂತರೂ ಕಾಲು ಅಲ್ಲಾಡುತ್ತಿತ್ತು. ಹಾಸಿಗೆಯಲ್ಲಿ ಕಣ್ಣು ಮುಚ್ಚಿದರೆ ಗ್ರಂಥಿಗಳ ಹೆಸರನ್ನು ನನಗೆ ನಾನೇ ಒಪ್ಪಿಸುತ್ತಿದ್ದೆ.

ಮನೆಯವರು ಸೀರೆಯ ಪವರ್‌ಲೂಮ್ ನಡೆಸುತ್ತಾರೆ. ಒಂದು ದಿನ ಕೇಳಿಯೇಬಿಟ್ಟರು: 'ಎಷ್ಟ ತುಳೀತಿ? ನಮ್ಮ ಮಗ್ಗಕ್ಕಾದ್ರೂ ವಾರಕ್ಕೊಮ್ಮೆ ಸೂಟಿ ಐತಿ.'

'ಮೆದುಳು ಸ್ವಚ್ಛ ಆಗಬೇಕಲ್ರಿ.'

'ಅದರ ಸಂಗಾಟ ನಿದ್ದೀನೂ ಸ್ವಚ್ಛ ಆಗೇತಿ ನೋಡು.'

ಹಾಗಿರುವಾಗಲೇ, ಕಾಲೇಜಿನ ಕೆಲಸದಿಂದ ಸಂಜೆಯ ಸವಾರಿ ತಪ್ಪಿದ ಮರುದಿನ ಮುಂಜಾನೆ, ದಿನಾ ಹೋಗುವ ದಾರಿಯಲ್ಲೇ, ಎಲ್ಲಿದ್ದೇನೆಂಬುದು ತಿಳಿಯದಾಯಿತು. ಎರಡೂ ಬದಿ ಬಯಲು. ದೂರದಲ್ಲಿ ಎಂದೂ ಕಾಣದ ಮನೆಗಳು, ಒಂದು ನೀರಿನ ಟಾಕಿ. ಸೈಕಲ್ ಇಳಿದೆ. ಬಂತು, ಅವ್ವನ ಮರೆವು ನನಗೂ ಬಂತು ಅನಿಸಿತು. ಬುತ್ತಿಗಂಟು ಹೊತ್ತು ಬರುತ್ತಿದ್ದ ಹೆಂಗಸೊಬ್ಬಳನ್ನು ನಿಲ್ಲಿಸಿ, 'ಇದು ಯಾವ ಊರಿನ ದಾರಿ ರೀ?' ಎಂದೆ.

'ಚಿಮ್ಮಡದ್ದ ರೀ ಅಕ್ಕಾರ. ನಿನ್ನೆ ಇಲ್ಲೆ ಕಬ್ಬು ಕಡದ್ರು, ಹಿಂಗಾಗಿ ಗುರ್ತ ಸಿಗವಲ್ದು. ಯಾಕ ಅಳಾಕತ್ತೀರಿ?'

ಅಳುತ್ತಿದ್ದೇನೆಂದು ನನಗೆ ಗೊತ್ತೇ ಇರಲಿಲ್ಲ. ಮನೆಗಳನ್ನೂ ಟಾಕಿಯನ್ನೂ ಮರೆಮಾಡಿ ಆಳೆತ್ತರ ಬೆಳೆದಿದ್ದ ಕಬ್ಬು ಸಕ್ಕರೆ ಕಾರ್ಖಾನೆಗೆ ಹೋಗಿತ್ತು. ಕಾರಣ ತಿಳಿದ ಮೇಲೂ ಹೆದರಿಕೆ ಇಳಿಯಲಿಲ್ಲ.

ಆ ವಾರವೇ ಮನೆಯವರು ನನ್ನನ್ನು ಮುಧೋಳದ ಡಾಕ್ಟರರ ಬಳಿ ಕರೆದೊಯ್ದರು. ಅವರು ಚಿತ್ರ ತೋರಿಸಿ ಹೆಸರು ಕೇಳಿದರು, ಗಡಿಯಾರ ಬರೆಸಿದರು, ಲೆಕ್ಕ ಮಾಡಿಸಿದರು, ರಕ್ತ ಪರೀಕ್ಷೆಯನ್ನೂ ಮಾಡಿಸಿದರು. ಆಮೇಲೆ, 'ಸದ್ಯಕ್ಕ ಹೆದರೂವಂಥಾದ್ದು ಏನೂ ಕಾಣವಲ್ದು. ನಿದ್ದಿ ಹೆಂಗೈತಿ?' ಎಂದರು.

'ಇಲ್ಲ ರೀ. ಆದ್ರ ವ್ಯಾಯಾಮ ಭಾಳ ಮಾಡಾಕತ್ತೇನಿ.'

ಡಾಕ್ಟರು ನಗಲಿಲ್ಲ. 'ಮೇಡಂ, ಮೆದುಳಿನ ರಕ್ತನಾಳದ ಸುತ್ತ ನೀರಿನಂಥಾ ದ್ರವ ಹರೀತೈತಿ. ಅದು ಕಸಾ ತೊಳಕೊಂಡು ಹೊರಗ ಒಯ್ತೈತಿ. ಆ ಕೆಲಸ ನಿದ್ದ್ಯಾಗ ಜೋರ ಅಂತಾರ. ಪ್ರಯೋಗದಾಗ ದಿನಾ ಓಡೋ ಇಲಿಗಳೊಳಗ ಈ ಹರಿವು ಹೆಚ್ಚಾಗಿದ್ದು ಖರೆ. ಅದೂ ಓಡೂವಾಗ ಅಲ್ಲ, ಸುಮ್ನ ಕುಂತಾಗ. ಮನಷಾರೊಳಗ ಇನ್ನೂ ನೋಡಾಕತ್ತಾರ.'

'ಅಂದ್ರ ಸೈಕಲ್ ಬಿಡ್ಲೇನ್ರಿ?'

'ಬಿಡಬ್ಯಾಡ್ರಿ. ಹೃದಯಕ್ಕ ಛಲೋ, ನಿದ್ದಿಗೂ ಛಲೋ. ಆದ್ರ ಮರೆವು ಬರೂದೇ ಇಲ್ಲ ಅಂತ ನನಗ ಮಾತ ಕೊಡಾಕ ಬರೂದಿಲ್ಲ.'

ನಾನು ಹೋಗಿದ್ದೇ ಆ ಮಾತಿಗಾಗಿ. ಬರಿಗೈಲಿ ಎದ್ದು ಬಂದೆ. ಬಸ್ಸಿನಲ್ಲಿ ಕೂತು ಡಾಕ್ಟರ ಮೇಲೆ ಸಿಟ್ಟಾದೆ, ಸಿಟ್ಟಾಗುತ್ತಲೇ ನಿದ್ದೆ ಹೋದೆ. ನಿಲ್ದಾಣ ಬಂದಾಗ ಮನೆಯವರು ಎಬ್ಬಿಸಬೇಕಾಯಿತು.

ಸಂಜೆಯ ಸವಾರಿ ಬಿಟ್ಟಿದ್ದೇನೆ. ನಿದ್ದೆ ತುಸು ಮರಳಿದೆ, ಅಂಜಿಕೆ ಪೂರ್ತಿ ಹೋಗಿಲ್ಲ. ಮುಂಜಾನೆ ಈಗ ಮನೆಯವರೂ ಹಳೆಯ ಸೈಕಲ್ ಒಂದನ್ನು ಹತ್ತಿ ಬರುತ್ತಾರೆ. ನಾನು ಮುಂದೆ ಹೋದರೆ ಹಿಂದಿನಿಂದ ಕೂಗುತ್ತಾರೆ: 'ಏ, ಸಾವಕಾಶ! ಯಾರರೆ ಬೆನ್ನ ಹತ್ಯಾರೇನ?' ನಿಲ್ಲುತ್ತೇನೆ. ನಿಂತರೂ ಒಂದು ಕಾಲು ಪೆಡಲ್ ಮೇಲೆಯೇ ಇರುತ್ತದೆ.